ಕೋಣನ ಮುಂದಿನ ಕಿನ್ನರಿ

ನಾನಿರುವುದು ಕೋಣನಕುಂಟೆಯಲ್ಲಿ. ಹೆಸರಿನಲ್ಲಿ ಕೋಣವೂ ಇದೆ, ಕುಂಟೆಯೂ ಇದೆ. ಊರಿನಲ್ಲಿ ಹುಡುಕಿದರೆ ಕನಕಪುರ ರಸ್ತೆಯ ಮೇಲೆ ಸಾಲಾಗಿ ನಿಂತ ಮೆಟ್ರೋ ಕಂಬಗಳು, ಅಪಾರ್ಟ್‌ಮೆಂಟುಗಳು, ನೀರಿನ ಟ್ಯಾಂಕರುಗಳು ಸಿಗುತ್ತವೆ. ಬಾಡಿಗೆ ಮನೆಯ ವಿಳಾಸ ಕೇಳಿದ ಹಿರಿಯ ಲೇಖಕರೊಬ್ಬರು ನಕ್ಕು, "ತತ್ವಪದದ ಮೇಲೆ ಪಿಎಚ್.ಡಿ. ಮಾಡೋಳು ಕೋಣನಕುಂಟೇಲಿ ಇದೀಯಾ? ಕಿನ್ನರಿ ಬಾರಿಸೋಕೆ ಒಳ್ಳೆ ಜಾಗ" ಅಂದಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂಬ ಗಾದೆಯನ್ನು ನಾವೆಲ್ಲ ಬಳಸುತ್ತೇವೆ. ಬಳಸುವಾಗ ನಾವು ಯಾವಾಗಲೂ ಕಿನ್ನರಿಯ ಕಡೆ ನಿಂತಿರುತ್ತೇವೆ, ಕೋಣ ಬೇರೆ ಯಾರೋ ಆಗಿರುತ್ತದೆ. ಈ ಲೇಖನ ಬರೆಯುತ್ತಿರುವುದು ಕೋಣನ ಕಡೆಯಿಂದ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಎಂ.ಎ. ಓದುವಾಗ ನಮ್ಮದೊಂದು ಬ್ಯಾಂಡ್ ಇತ್ತು. ಐದು ಜನ. ತತ್ವಪದಗಳನ್ನು ಗಿಟಾರ್, ಡ್ರಮ್ಸ್ ಇಟ್ಟುಕೊಂಡು ಹಾಡುತ್ತಿದ್ದರು. ನನಗೆ ಹಾಡಲು ಬರುವುದಿಲ್ಲ, ನುಡಿಸಲು ಬರುವುದಿಲ್ಲ. ಪದಗಳನ್ನು ಆರಿಸಿಕೊಡುವುದು, ಪ್ರತಿ ಹಾಡಿಗೆ ಮುಂಚೆ ಮೈಕ್ ಹಿಡಿದು ಅದರ ಅರ್ಥ ಹೇಳುವುದು ನನ್ನ ಕೆಲಸ. ಕಾಲೇಜು ಹಬ್ಬಗಳ ವಲಯದಲ್ಲಿ ನಮಗೊಂದು ಹೆಸರು ಬಂದಿತ್ತು. ಮೂರನೇ ವರ್ಷಕ್ಕೆ ಗಿಟಾರ್ ನುಡಿಸುವ ಗೆಳೆಯ ಬ್ಯಾಂಡ್ ಬಿಟ್ಟ. ಆರು ತಿಂಗಳ ಮೇಲೆ ತಾನೊಬ್ಬನೇ ಐದು ಹಾಡು ರೆಕಾರ್ಡ್ ಮಾಡಿ ಹೊರಬಿಟ್ಟ. ರೆಕಾರ್ಡ್ ಮಾಡಿದ್ದು ಇದೇ ಕೋಣನಕುಂಟೆಯ ಒಂದು ಕೋಣೆಯಲ್ಲಿ, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿಕೊಂಡು. ಅದೇ ತಿಂಗಳು ನಾನೊಂದು ವಿಚಾರ ಸಂಕಿರಣದಲ್ಲಿ ತತ್ವಪದಗಳ ಸಾಮುದಾಯಿಕತೆ ಕುರಿತು ಪ್ರಬಂಧ ಓದಿದೆ. ಅದರಲ್ಲಿ ಒಂದು ಪುಟ ಅವನ ಮೇಲೆ. ಹೆಸರು ಹೇಳಿರಲಿಲ್ಲ, ಆದರೆ ಕೂತವರಿಗೆಲ್ಲ ಗೊತ್ತಿತ್ತು. "ಗುಂಪಿನ ಹಾಡನ್ನು ವ್ಯಕ್ತಿಯ ಸರಕಾಗಿಸುವ ಪ್ರವೃತ್ತಿ" ಎಂದು ಬರೆದಿದ್ದೆ. ಚಪ್ಪಾಳೆ ಬಿತ್ತು. ಹೊರಗೆ ಬಂದಾಗ ಅವನು ನಿಂತಿದ್ದ.

"ಕೇಳಿದ್ಯೇನೆ?"

"ಲಿಂಕ್ ಕಳಿಸಿದ್ಯಲ್ಲ."

"ಕಳಿಸಿದ್ದು ನಂಗೊತ್ತು ಕಣೆ. ಕೇಳಿದ್ಯಾ ಅಂದೆ."

ಕೇಳಿರಲಿಲ್ಲ.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಇದು ನನ್ನೊಬ್ಬಳ ಸೋಮಾರಿತನವಾಗಿದ್ದರೆ ಡೈರಿಯಲ್ಲಿ ಬರೆದುಕೊಂಡು ಸುಮ್ಮನಿರಬಹುದಿತ್ತು. ಆದರೆ ಕನ್ನಡದಲ್ಲಿ ಸಂಗೀತದ ಬಗ್ಗೆ ಬರೆಯುವ ನಮ್ಮಂಥ ಸಾಹಿತ್ಯದವರಿಗೆಲ್ಲ ಇದೊಂದು ರೂಢಿಯೇ ಆಗಿದೆ. ತಂಡ ಬಿಟ್ಟು ಬಂದವರ ಮೊದಲ ಆಲ್ಬಂ ಬಂದಾಗ ನಾವು ಅದನ್ನು ಕೇಳುವುದಿಲ್ಲ, ವಿಚಾರಣೆಗೆ ಒಳಪಡಿಸುತ್ತೇವೆ. ಆರೋಪಪಟ್ಟಿ ಮೊದಲೇ ಸಿದ್ಧವಿರುತ್ತದೆ. ಒಂದು: ಗುಂಪು ಒಡೆದ. ಎರಡು: ಪದ ಕೆಡಿಸಿದ. ಆರೋಪಿಯ ಪರವಾಗಿ ವಾದಿಸುವ ಅಭಿಮಾನಿಗಳು ಬಂದರೆ ಅವರದು ಇನ್ನೊಂದು ಅತಿ: ಗುಂಪು ಇವನನ್ನು ಕಟ್ಟಿಹಾಕಿತ್ತು, ಈಗ ಪ್ರತಿಭೆ ಬಿಡುಗಡೆಯಾಯಿತು. ಈ ಮೂರನ್ನೂ ಒಂದೊಂದಾಗಿ ನೋಡೋಣ.

*

ಕನ್ನಡದಲ್ಲಿ ಈ ಮಾತಿಗೆ ದೊಡ್ಡ ಉದಾಹರಣೆ ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದ, ಮೈಕ್ರೋಬಯಾಲಜಿ ಓದಿದ, ಭರತನಾಟ್ಯ ಕಲಿತ ಹುಡುಗ ಕಾಲೇಜಿಗೆ ಬಂದ ಮೇಲೆ ಗಿಟಾರ್ ಹಿಡಿದರು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಂಗೀತದ ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಅವರ ಜೊತೆ ಸೇರಿ 'ಅಂತರಾಗ್ನಿ' ಎಂಬ ಬ್ಯಾಂಡ್ ಕಟ್ಟಿದರು. ಬೆಂಗಳೂರಿನ ರಾಕ್ ವೇದಿಕೆಗಳಲ್ಲಿ ಇಂಗ್ಲಿಷೇ ಮೆರೆಯುತ್ತಿದ್ದ ಕಾಲ ಅದು. ಅಲ್ಲಿ ಗಿಟಾರು ಮತ್ತು ಪಿಟೀಲಿನ ಜೊತೆಗೆ ಶಿಶುನಾಳ ಶರೀಫರ ಪದ ಕೇಳಿಸಿದ್ದು ಸಣ್ಣ ಸಂಗತಿಯಲ್ಲ. 2005ರ ಹೊತ್ತಿಗೆ ಆ ತಂಡ ಚದುರಿತು. ರಘು 'ದ ರಘು ದೀಕ್ಷಿತ್ ಪ್ರಾಜೆಕ್ಟ್' ಎಂದು ಹೊಸದಾಗಿ ಶುರುಮಾಡಿದರು. 2008ರಲ್ಲಿ ಸಂಗೀತ ನಿರ್ದೇಶಕ ಜೋಡಿ ವಿಶಾಲ್–ಶೇಖರ್ ಅವರ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ ಅವರ ಮೊದಲ ಆಲ್ಬಂ ಬಂತು. ಅದೇ ವರ್ಷ 'ಸೈಕೋ' ಸಿನಿಮಾದ ಮಹದೇಶ್ವರನ ಹಾಡು ಆಟೋಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಮೊಳಗಿತು. ನನಗಾಗ ಹನ್ನೊಂದು ವರ್ಷ. ಶರೀಫರ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಪಠ್ಯಪುಸ್ತಕದಿಂದಲ್ಲ, ಅಣ್ಣನ ಮೊಬೈಲಿನಲ್ಲಿ ಓಡುತ್ತಿದ್ದ ಆ ಆಲ್ಬಮ್ಮಿನಿಂದ.

ಇಲ್ಲೊಂದು ವಿವರವನ್ನು ಗಮನಿಸಬೇಕು. ಆ ಮೊದಲ ಆಲ್ಬಮ್ಮಿನ ಹೆಸರು 'ಅಂತರಾಗ್ನಿ – ದ ರಘು ದೀಕ್ಷಿತ್ ಪ್ರಾಜೆಕ್ಟ್'. ಚದುರಿಹೋದ ತಂಡದ ಹೆಸರು ಹೊಸ ಮನೆಯ ಹೊಸ್ತಿಲ ಮೇಲೆ ಕೂತಿದೆ. ಗುಂಪನ್ನು ಒದ್ದು ಬಂದವನು ಹೀಗೆ ಮಾಡುವುದಿಲ್ಲ. ಹಾಗೆಂದು ಗುಂಪಿನೊಳಗೇ ಉಳಿದವನೂ ಹೀಗೆ ಮಾಡುವುದಿಲ್ಲ. ಆ ಎರಡು ಹೆಸರುಗಳ ನಡುವಿನ ಅಡ್ಡಗೆರೆಯಲ್ಲಿ ಒಂದು ಸಂಸಾರ ಒಡೆದ ಕಥೆಯೂ ಇದೆ, ಒಡೆದ ಮೇಲೂ ಉಳಿದ ಋಣದ ಕಥೆಯೂ ಇದೆ. ಶರೀಫರ ಅಂಕಿತದ ಮೇಲೆ ಮೂವತ್ತು ಪುಟ ಬರೆಯಬಲ್ಲ ನಾವು ಈ ಅಂಕಿತದ ಮೇಲೆ ಮೂರು ಸಾಲು ಬರೆಯಲಿಲ್ಲ.

*

ಈಗ ಮೊದಲ ಆರೋಪ: ಗುಂಪು ಒಡೆದ.

ಬಿಟ್ಟು ಹೋಗುವುದು ದ್ರೋಹ ಎನ್ನುವವರು ನಮ್ಮದೇ ಇತಿಹಾಸವನ್ನು ಮರೆತಿದ್ದಾರೆ. ಕಂಪನಿ ನಾಟಕದ ಕಥೆ ಎಂದರೆ ಕಂಪನಿ ಸೇರಿದವರ ಕಥೆ ಎಷ್ಟೋ, ಬಿಟ್ಟವರ ಕಥೆಯೂ ಅಷ್ಟೇ. ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ ಆಮೇಲೆ ಕನ್ನಡ ಸಿನಿಮಾದ ಮೊದಲ ಸಾಲಿಗೆ ಬಂದರು. ರಾಜ್‌ಕುಮಾರ್ ಬಂದದ್ದೂ ಅಲ್ಲಿಂದಲೇ. ಕರಾವಳಿಯಲ್ಲಿ ಭಾಗವತರು ಮೇಳ ಬದಲಿಸಿದರೆ ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡುತ್ತಾರೆ ನಿಜ, ಆದರೆ ಹೊಸ ಮೇಳದ ಆಟಕ್ಕೂ ಹೋಗಿ ರಾತ್ರಿಯಿಡೀ ಕೂರುತ್ತಾರೆ. ಜಗಳವಾಡುವವರೂ ಕೇಳಿಸಿಕೊಂಡು ಜಗಳವಾಡುತ್ತಾರೆ. ನಮ್ಮ ಸಂಕಿರಣಗಳಿಗೆ ಇಲ್ಲದ ಮರ್ಯಾದೆ ಅದು.

ಹೊರಗಿನ ದೊಡ್ಡ ಉದಾಹರಣೆ ತೆಗೆದುಕೊಳ್ಳಿ. ಬೀಟಲ್ಸ್ ತಂಡದ ಗಿಟಾರ್‌ವಾದಕ ಜಾರ್ಜ್ ಹ್ಯಾರಿಸನ್ ಅವರ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಬಂದದ್ದು 1970ರ ನವೆಂಬರಿನಲ್ಲಿ, ತಂಡ ಮುರಿದ ಕೆಲವೇ ತಿಂಗಳ ಮೇಲೆ. ಲೆಕ್ಕಕ್ಕೆ ಅದು ಅವರ ಮೊದಲ ಸ್ವಂತ ಆಲ್ಬಂ ಅಲ್ಲ. 1968ರಲ್ಲೇ ಅವರು ಒಂದು ಸಿನಿಮಾಗಾಗಿ 'ವಂಡರ್‌ವಾಲ್ ಮ್ಯೂಸಿಕ್' ಮಾಡಿದ್ದರು. ಅದರ ಒಂದು ಭಾಗ ರೆಕಾರ್ಡ್ ಆದದ್ದು ಮುಂಬಯಿಯಲ್ಲಿ, ನಮ್ಮ ದೇಶದ ವಾದಕರ ಜೊತೆ. ಆದರೆ ತಂಡ ಇಲ್ಲವಾದ ಮೇಲೆ ತನ್ನ ಹೆಸರಿನಲ್ಲಿ ನಿಂತು ಹಾಡಿದ ಮೊದಲ ಆಲ್ಬಂ 1970ರದು. ಅದು ಮೂರು ಎಲ್‌ಪಿಗಳ ಕಟ್ಟು. ಒಬ್ಬ ಮನುಷ್ಯನ ಬಳಿ ಅಷ್ಟೊಂದು ಹಾಡು ಎಲ್ಲಿಂದ ಬಂತು? ತಂಡದಲ್ಲಿ ಹಾಡು ಕಟ್ಟುವ ಕೆಲಸದ ದೊಡ್ಡ ಪಾಲು ಲೆನನ್ ಮತ್ತು ಮೆಕಾರ್ಟ್ನಿ ಅವರದಾಗಿತ್ತು. ಪ್ರತಿ ಆಲ್ಬಮ್ಮಿನಲ್ಲಿ ಹ್ಯಾರಿಸನ್‌ಗೆ ಸಿಗುತ್ತಿದ್ದದ್ದು ಸಾಮಾನ್ಯವಾಗಿ ಒಂದೋ ಎರಡೋ ಹಾಡಿನ ಜಾಗ. ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡನ್ನೇ 1969ರ ಜನವರಿಯಲ್ಲಿ ಅವರು ಬೀಟಲ್ಸ್ ತಾಲೀಮಿಗೆ ತಂದಿದ್ದರು. ಅಭ್ಯಾಸವೂ ನಡೆಯಿತು, ಆದರೆ ತಂಡದ ಆಲ್ಬಮ್ಮಿನಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಅಂದರೆ ಆ ಮೂರು ಎಲ್‌ಪಿಗಳ ಒಂದು ಪಾಲು ವರ್ಷಗಟ್ಟಲೆ ಬಾಗಿಲ ಹೊರಗೆ ಕಾದು ನಿಂತ ಹಾಡುಗಳ ಸಾಲು.

ಇದನ್ನು ತಿಳಿದ ಮೇಲೆ ಬಿಟ್ಟು ಬಂದವರ ಮೊದಲ ಆಲ್ಬಮ್ಮನ್ನು ಬೇರೆ ರೀತಿ ಕೇಳಬೇಕಾಗುತ್ತದೆ. ಆ ತಂಡದಲ್ಲಿ ಯಾವುದಕ್ಕೆ ಜಾಗ ಇರಲಿಲ್ಲ ಎನ್ನುವುದರ ದಾಖಲೆ ಅದು. ತಂಡ ಹಾಡಿದ್ದು ಏನು ಎಂದು ತಂಡದ ಆಲ್ಬಮ್ಮುಗಳು ಹೇಳುತ್ತವೆ. ತಂಡ ಏನನ್ನು ಹಾಡಗೊಡಲಿಲ್ಲ ಎಂದು ತಿಳಿಯಲು ನಮಗಿರುವ ಸಾಕ್ಷಿ ಇದೊಂದೇ. ಸಮುದಾಯ, ಸಾಮುದಾಯಿಕತೆ ಎಂದು ಪ್ರತಿ ಪುಟದಲ್ಲೂ ಬರೆಯುವ ನಾವು ಗುಂಪಿನೊಳಗಿನ ಈ ಯಜಮಾನಿಕೆಯ ಬಗ್ಗೆ ಯಾಕೆ ಕುರುಡರಾಗಿದ್ದೇವೆ? ಕೂಡುಕುಟುಂಬದ ಬಗ್ಗೆ ಬರೆದ ಕಾದಂಬರಿಗಳನ್ನು ಓದುವಾಗ, ಹಿಸ್ಸೆ ಕೇಳಿದ ಕಿರಿಯ ಮಗನನ್ನು ಖಳನಾಯಕ ಎಂದು ಓದುವವರನ್ನು ನಾವೇ ಗೇಲಿ ಮಾಡುತ್ತೇವೆ. ಬ್ಯಾಂಡಿನ ವಿಷಯ ಬಂದಾಗ ಮಾತ್ರ ಮನೆಯ ಹಿರಿಯರ ಹಾಗೆ ಮಾತಾಡುತ್ತೇವೆ.

*

ಎರಡನೇ ಆರೋಪ ಸಾಹಿತ್ಯದವರಿಗೆ ಹೆಚ್ಚು ಪ್ರಿಯವಾದದ್ದು: ಪದ ಕೆಡಿಸಿದ. ಗಿಟಾರ್ ಗದ್ದಲದಲ್ಲಿ ಶರೀಫರ ಅನುಭಾವ ಮುಳುಗಿತು ಎನ್ನುವ ಮಾತನ್ನು ನಾನು ಎಷ್ಟು ಬಾರಿ ಕೇಳಿದ್ದೇನೋ ಲೆಕ್ಕವಿಲ್ಲ. ನಾನೇ ಆಡಿದ್ದೇನೆ.

ಕೆಡಲು ಮೂಲ ಯಾವುದು? ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಅವರ ದನಿ ನಮಗೆ ಉಳಿದಿಲ್ಲ, ಸ್ವರಲಿಪಿ ಉಳಿದಿಲ್ಲ. ಉಳಿದದ್ದು ಬಾಯಿಂದ ಬಾಯಿಗೆ ಬಂದ ಪದಗಳು ಮತ್ತು ಊರಿಂದ ಊರಿಗೆ ಬದಲಾಗುವ ಧಾಟಿಗಳು. ಹಾವೇರಿ, ಧಾರವಾಡದ ಕಡೆಯ ಭಜನಾ ಮೇಳಗಳಲ್ಲಿ ಒಂದೇ ಪದವನ್ನು ಎರಡು ಊರಿನವರು ಎರಡು ರೀತಿ ಹಾಡುವುದನ್ನು ಕ್ಷೇತ್ರಕಾರ್ಯಕ್ಕೆ ಹೋದ ಯಾರೂ ಕೇಳಿರುತ್ತಾರೆ. ಬೆಂಗಳೂರಿನ ನಾವು 'ಮೂಲ ಧಾಟಿ' ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಬಹುಮಟ್ಟಿಗೆ ಸಿ. ಅಶ್ವತ್ಥ್ ಅವರದು. ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಬಂದದ್ದು 1990ರಲ್ಲಿ. ಅದರ ಹಾಡುಗಳು ಕ್ಯಾಸೆಟ್ಟಿನಲ್ಲಿ ಮನೆಮನೆಗೆ ಹೋದವು. ಅಶ್ವತ್ಥ್ ದೊಡ್ಡ ಗಾಯಕರು, ದೊಡ್ಡ ಸಂಯೋಜಕರು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವರೂ ಸಿನಿಮಾಕ್ಕೆ, ಧ್ವನಿಮುದ್ರಣ ಕೊಠಡಿಗೆ, ವಾದ್ಯವೃಂದಕ್ಕೆ ತಕ್ಕ ಹಾಗೆ ಕಟ್ಟಿದವರೇ. ಎಲ್. ವೈದ್ಯನಾಥನ್ ಅವರ ಜೊತೆ 'ಅಶ್ವತ್ಥ್–ವೈದಿ' ಎಂಬ ಜೋಡಿಯಾಗಿ ಹೆಸರು ಮಾಡಿದ್ದ ಅವರು ಆ ಸಿನಿಮಾಕ್ಕೆ ಒಬ್ಬರೇ ಸಂಗೀತ ಕೊಟ್ಟರು. ಆಗ ಯಾರೂ ಅದನ್ನು ಜೋಡಿ ಒಡೆದ ದ್ರೋಹ ಎಂದು ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.

2005ನೇ ಇಸವಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ವರ್ಷ ಅರಮನೆ ಮೈದಾನದಲ್ಲಿ ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆಯಿತು. ಭಾವಗೀತೆ ಕೇಳಲು ಜಾತ್ರೆಯಂತೆ ಜನ ಸೇರಿದ್ದರು. ಅದೇ ವರ್ಷ ಅದೇ ಮೈದಾನದಲ್ಲಿ ಡೈರ್ ಸ್ಟ್ರೇಟ್ಸ್ ತಂಡದ ಗಿಟಾರ್‌ವಾದಕ ಮಾರ್ಕ್ ನಾಫ್ಲರ್ ನುಡಿಸಿ ಹೋದರು. ತಂಡ ಮುಗಿಸಿ, 1996ರಲ್ಲಿ ತಮ್ಮ ಮೊದಲ ಸ್ವಂತ ಆಲ್ಬಂ ತಂದ ಮನುಷ್ಯ. ಅಂತರಾಗ್ನಿ ಚದುರಿದ್ದೂ ಆ ಹೊತ್ತಿನಲ್ಲೇ. ಒಂದೇ ಮೈದಾನದ ಮಣ್ಣಿನಲ್ಲಿ ಕುವೆಂಪು, ಬೇಂದ್ರೆಯವರ ಹಾಡಿಗೂ ಎಲೆಕ್ಟ್ರಿಕ್ ಗಿಟಾರಿಗೂ ಜಾಗ ಇತ್ತು. ನಮ್ಮ ವಿಮರ್ಶೆಯಲ್ಲಿ ಇರಲಿಲ್ಲ.

ಗಿಟಾರ್ ಪರದೇಶಿ ಎನ್ನುವವರಿಗೆ ಹಾರ್ಮೋನಿಯಂ ನೆನಪಿಸಬೇಕು. ಇವತ್ತು ಭಜನಾ ಮೇಳ ಎಂದರೆ ಹಾರ್ಮೋನಿಯಂ ಇಲ್ಲದೆ ಊಹಿಸಿಕೊಳ್ಳಲಾಗದು. ಅದು ಹತ್ತೊಂಬತ್ತನೇ ಶತಮಾನದ ಯುರೋಪಿನಿಂದ ಬಂದ ಪೆಟ್ಟಿಗೆ. ಆಕಾಶವಾಣಿ ಅದನ್ನು 1940ರಲ್ಲಿ ನಿಷೇಧಿಸಿತ್ತು. ಆ ಬಾಗಿಲು ಮತ್ತೆ ತೆರೆಯಲು 1971 ಬರಬೇಕಾಯಿತು. ಅಷ್ಟರಲ್ಲಿ ಹಳ್ಳಿಯ ಮೇಳಗಳು ಆಕಾಶವಾಣಿಯ ಅಪ್ಪಣೆಗೆ ಕಾಯದೆ ಅದನ್ನು ತಮ್ಮದು ಮಾಡಿಕೊಂಡಿದ್ದವು. ಪಿಟೀಲಿನ ಕಥೆಯೂ ಬೇರೆಯಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ತಂದವರಲ್ಲಿ ಮುಖ್ಯರು. ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಗೆ ಏರಿಸಿದರು. ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣ ಕಟ್ಟಿದ ಊರು ನಮ್ಮದು. ಅಲ್ಲಿ ಕೂತು ನಾವು ಗಿಟಾರನ್ನು ಹೊರಗಿನದು ಎನ್ನುತ್ತೇವೆ.

ಅಂಕಿತದ ಮಾತು ಇನ್ನೂ ಮುಖ್ಯ. ಶರೀಫರ ಪದಗಳ ಕೊನೆಗೆ ಬರುವ ಅಂಕಿತ ಶಿಶುನಾಳಧೀಶನದು. ಹಾಡಿದವನ ಹೆಸರಲ್ಲ, ಊರಿನ ಒಡೆಯನ ಹೆಸರು. ವಚನಕಾರರದೂ ಹಾಗೆಯೇ. ಇದನ್ನೇ ಹಿಡಿದು ನಾನು ಸಂಕಿರಣದಲ್ಲಿ ವಾದಿಸಿದ್ದೆ: ನೋಡಿ, ಪರಂಪರೆ 'ನಾನು' ಎನ್ನುವುದನ್ನು ಅಳಿಸಿತ್ತು, ಈ ಹುಡುಗ ತನ್ನ ಹೆಸರು ಹಾಕಿಕೊಂಡ. ಈಗ ಆ ವಾದದ ಪೊಳ್ಳುತನ ಕಾಣುತ್ತದೆ. ಅಂಕಿತ ಹಾಡಿದವನನ್ನು ಅಳಿಸುವುದಿಲ್ಲ. ಒಂದೊಂದು ಅಂಕಿತಕ್ಕೆ ಒಬ್ಬೊಬ್ಬರು ಎಂದು ಗುರುತಿಸಿಯೇ ನಾವು ವಚನಗಳನ್ನು ವಿಂಗಡಿಸುತ್ತೇವೆ. ಅಂಕಿತ ಹೇಳುವುದು ಇಷ್ಟೇ: ಇದು ನನ್ನ ಬಾಯಿಂದ ಬಂತು, ಆದರೆ ನಾನು ಇಂಥವರ ಋಣದಲ್ಲಿದ್ದೇನೆ. ಶರೀಫರೇ ಹುಟ್ಟಿದ ಮನೆಯ ಗಡಿ ದಾಟಿ ಕಳಸದ ಗೋವಿಂದಭಟ್ಟರ ಹಿಂದೆ ಹೋದವರು. ಎರಡೂ ಕಡೆಯವರ ಕಣ್ಣಲ್ಲಿ ಗುಂಪು ಬಿಟ್ಟವರು. ಅವರ ಪದಗಳನ್ನು ಕಾಯುವ ಹೆಸರಿನಲ್ಲಿ ಗುಂಪು ಬಿಟ್ಟವರನ್ನು ಹಳಿಯುವುದು ಎಂಥ ವ್ಯಂಗ್ಯ!

*

ಇಷ್ಟು ಹೇಳಿ ನಾನು ಅಭಿಮಾನಿಗಳ ಗುಂಪಿಗೆ ಸೇರಲಾರೆ. 'ಏಕಾಂಗಿ ಪ್ರತಿಭೆ' ಎಂಬ ಕಥೆಯೂ ಅಷ್ಟೇ ಸುಳ್ಳು.

ಹ್ಯಾರಿಸನ್ ಅವರ ಆ 'ಸ್ವಂತ' ಆಲ್ಬಮ್ಮಿನಲ್ಲಿ ಎರಿಕ್ ಕ್ಲ್ಯಾಪ್ಟನ್ ಇದ್ದಾರೆ, ಬಿಲ್ಲಿ ಪ್ರೆಸ್ಟನ್ ಇದ್ದಾರೆ, ಹಳೆಯ ಜೊತೆಗಾರ ರಿಂಗೋ ಸ್ಟಾರ್ ಇದ್ದಾರೆ, ಧ್ವನಿಯನ್ನು ಗೋಡೆಯಂತೆ ಕಟ್ಟುವ ನಿರ್ಮಾಪಕ ಫಿಲ್ ಸ್ಪೆಕ್ಟರ್ ಇದ್ದಾರೆ. ಅದರ ಅತಿ ಜನಪ್ರಿಯ ಹಾಡಿನ ರಾಗ ಇನ್ನೊಂದು ಹಳೆಯ ಹಾಡಿನದು ಎಂದು ಮೊಕದ್ದಮೆ ನಡೆದು, ತಿಳಿಯದೆಯೇ ಆದ ನಕಲು ಎಂದು 1976ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಒಬ್ಬಂಟಿ ಎಂದುಕೊಂಡವನ ಕಿವಿಯೊಳಗೂ ಊರೆಲ್ಲ ಇರುತ್ತದೆ. ಬಿಡುಗಡೆ ಸಿಕ್ಕಿದ ಕೂಡಲೇ ಎಲ್ಲರೂ ಅರಳುತ್ತಾರೆ ಎಂಬುದೂ ನಿಜವಲ್ಲ. ಫ್ಲೀಟ್‌ವುಡ್ ಮ್ಯಾಕ್ ತಂಡವನ್ನು ಕಟ್ಟಿದ ಗಿಟಾರ್‌ವಾದಕ ಪೀಟರ್ ಗ್ರೀನ್ 1970ರಲ್ಲಿ ಅದನ್ನು ಬಿಟ್ಟು, ಅದೇ ವರ್ಷ ಪದಗಳೇ ಇಲ್ಲದ ಒಂದು ಆಲ್ಬಂ ತಂದರು. ದಿಕ್ಕು ತಪ್ಪಿ ಅಲೆಯುವ ಆ ನುಡಿಸಾಣಿಕೆಯನ್ನು ಹಳೆಯ ಅಭಿಮಾನಿಗಳು ಒಪ್ಪಿಕೊಳ್ಳಲಿಲ್ಲ. ಆಮೇಲೆ ಅವರು ಬಹುಕಾಲ ಕಾಯಿಲೆಯಲ್ಲಿ ಕಳೆದರು. ಆ ಆಲ್ಬಮ್ಮನ್ನು ಕೇಳಿದರೆ 'ಬಿಡುಗಡೆ' ಎಂಬ ಪದವನ್ನು ಅಷ್ಟು ಸಲೀಸಾಗಿ ಬಳಸಲು ಮನಸ್ಸಾಗುವುದಿಲ್ಲ.

ನಮ್ಮಲ್ಲೂ ಈ ಪ್ರಶ್ನೆ ಕೇಳಬೇಕು. ಬ್ಯಾಂಡಿಗೆ ಒಬ್ಬರ ಹೆಸರನ್ನೇ ಇಟ್ಟಾಗ, ಬೇಸ್ ಗಿಟಾರ್ ನುಡಿಸಿದವರು, ಡ್ರಮ್ಸ್ ಬಾರಿಸಿದವರು, ಹಾಡನ್ನು ತಾಲೀಮಿನಲ್ಲಿ ನಾಲ್ಕು ಸಲ ಮುರಿದು ಕಟ್ಟಿದವರು ಎಲ್ಲಿ ಹೋಗುತ್ತಾರೆ? ಹಕ್ಕುಸ್ವಾಮ್ಯದ ಕಾನೂನು ಕೂಡ ಗಾಯಕರನ್ನಷ್ಟೇ ಅಲ್ಲ, ವಾದಕರನ್ನೂ 'ಪ್ರದರ್ಶಕರು' ಎಂದು ಎಣಿಸುತ್ತದೆ. 2012ರ ತಿದ್ದುಪಡಿ ಅವರ ಹಕ್ಕನ್ನು ಇನ್ನಷ್ಟು ಗಟ್ಟಿ ಮಾಡಿತು. ಕಾನೂನು ಗುರುತಿಸಿದವರನ್ನು ವಿಮರ್ಶೆ ಗುರುತಿಸಿಲ್ಲ. ರಘು ದೀಕ್ಷಿತ್ ತಮ್ಮ ಹೆಸರಿನ ಮುಂದೆ 'ಪ್ರಾಜೆಕ್ಟ್' ಎಂದು ಸೇರಿಸಿದ್ದರಲ್ಲಿ ಕನಿಷ್ಠ ಒಂದು ಒಪ್ಪಿಗೆಯಾದರೂ ಇದೆ: ಇದು ಬಂದು ಹೋಗುವ ಹಲವರ ಕೆಲಸ ಎಂದು. ಆ ಹಲವರು ಯಾರು ಎಂದು ಕೇಳಿ ಬರೆಯುವುದು ನಮ್ಮ ಕೆಲಸವಾಗಿತ್ತು. ಗುಂಪು ಒಡೆದರೆಂದು ಬೈಯುವವರಿಗೂ ಒಬ್ಬರನ್ನೇ ಹೊತ್ತು ಮೆರೆಸುವವರಿಗೂ ಈ ಹಲವರು ಬೇಕಾಗಿಲ್ಲ. ಇಬ್ಬರ ಕಣ್ಣೂ ಒಂದೇ ಹೆಸರಿನ ಮೇಲೆ ನೆಟ್ಟಿದೆ.

*

ನಾನು ಯಾಕೆ ಕೇಳಲಿಲ್ಲ? ಎಷ್ಟೋ ದಿನ ಯೋಚಿಸಿದ್ದೇನೆ. ನಮಗೆ ಹಾಡು ಎಂದರೆ ಸಾಹಿತ್ಯ. ಭಾವಗೀತೆಯ ಊರಿನಲ್ಲಿ ಬೆಳೆದವರು ನಾವು. ಕವಿಯ ಹೆಸರು ಮೊದಲು, ಸಂಯೋಜಕರದು ಆಮೇಲೆ, ಗಾಯಕರದು ಅದರ ಪಕ್ಕ, ವಾದಕರ ಹೆಸರು ಕ್ಯಾಸೆಟ್ಟಿನ ಒಳಮಡಿಕೆಯಲ್ಲಿ ಇದ್ದರೆ ಇತ್ತು. ನಾನು ಈವರೆಗೆ ಕೂತ ತತ್ವಪದ ಸಂಕಿರಣಗಳಲ್ಲಿ ಪದಗಳ ಅರ್ಥದ ಬಗ್ಗೆ ದಿನಗಟ್ಟಲೆ ಚರ್ಚೆಯಾಗಿದೆ. ಹಾಡಿಸಿದ್ದು ಊಟಕ್ಕೆ ಮುಂಚಿನ ಹತ್ತು ನಿಮಿಷ, ಅದೂ 'ರಂಜನೆಗಾಗಿ'.

ಆದರೆ ಭಾಷೆ ನಮಗಿಂತ ಜಾಣೆ. ಕನ್ನಡದಲ್ಲಿ ಕೊಳಲು ಊದುತ್ತೇವೆ, ಮದ್ದಳೆ ಬಾರಿಸುತ್ತೇವೆ, ತಂತಿ ಮೀಟುತ್ತೇವೆ. ಇವೆಲ್ಲ ಕೈಬಾಯಿಯ ಕೆಲಸದ ಹೆಸರು. ಎಲ್ಲಕ್ಕೂ ಸೇರಿ ಒಂದು ಮಾತಿದೆ: ನುಡಿಸುವುದು. ನುಡಿಸುವುದೆಂದರೆ ಮಾತಾಡಿಸುವುದು. ವೀಣೆ ನುಡಿಸಿದಳು ಎಂದರೆ ವೀಣೆ ನುಡಿಯಿತು ಎಂದು ಅರ್ಥ. ವಾದ್ಯಕ್ಕೂ ನುಡಿಯಿದೆ ಎಂದು ಸಾಮಾನ್ಯ ಕ್ರಿಯಾಪದದಲ್ಲೇ ಒಪ್ಪಿಕೊಂಡ ಭಾಷೆಯಲ್ಲಿ ಕೂತು ನಾವು ನುಡಿ ಎಂದರೆ ಅಕ್ಷರ ಮಾತ್ರ ಎಂದುಕೊಂಡಿದ್ದೇವೆ. ಹನ್ನೆರಡನೇ ಶತಮಾನದ ಶರಣರೊಬ್ಬರನ್ನು ಪರಂಪರೆ ಕಿನ್ನರಿ ಬೊಮ್ಮಯ್ಯ ಎಂದು ಅವರ ವಾದ್ಯದ ಹೆಸರಿನಿಂದಲೇ ಕರೆಯಿತು. ತಂತಿಯೇ ಅವರ ಗುರುತು.

ಕಳೆದ ಮಳೆಗಾಲದಲ್ಲಿ ಪ್ರಬಂಧದ ನಾಲ್ಕನೇ ಅಧ್ಯಾಯ ತಿದ್ದುತ್ತಿದ್ದೆ. ಗೆಳೆಯನ ಆ ಐದು ಹಾಡುಗಳ ಉಲ್ಲೇಖ ಅಲ್ಲಿತ್ತು. ಅಡಿಟಿಪ್ಪಣಿಗೆ ಪ್ರತಿ ಹಾಡಿನ ಅವಧಿ ಬೇಕಿತ್ತು. ಅದಕ್ಕಾಗಿ ಹಳೆಯ ಲಿಂಕ್ ತೆರೆದೆ. ಕೇಳಬೇಕೆಂದಲ್ಲ, ನಿಮಿಷ ಸೆಕೆಂಡು ಗುರುತು ಹಾಕಿಕೊಳ್ಳಲು.

ಮೂರನೆಯದಕ್ಕೆ ಪದಗಳಿರಲಿಲ್ಲ. ಬರೀ ಗಿಟಾರ್, ನಾಲ್ಕು ನಿಮಿಷ. ಹಿನ್ನೆಲೆಯಲ್ಲಿ ಎಲ್ಲೋ ಪ್ರೆಷರ್ ಕುಕ್ಕರ್ ಕೂಗಿದ್ದೂ ಕೇಳಿಸುತ್ತದೆ, ಮೊಟ್ಟೆ ಟ್ರೇಗಳಿಗೆ ಅದನ್ನು ತಡೆಯಲಾಗಲಿಲ್ಲ. ಎಲ್ಲೋ ಕೇಳಿದ ಹಾಗಿದೆ ಎನಿಸಿತು, ಯಾವ ಹಾಡು ಎಂದು ತಿಳಿಯಲಿಲ್ಲ. ಎರಡನೇ ಸಲ ಹಾಕಿದಾಗ ಹೊಳೆಯಿತು. ಅದು ಯಾವ ಹಾಡೂ ಅಲ್ಲ. ಪ್ರತಿ ಕಾರ್ಯಕ್ರಮದಲ್ಲೂ ನಾನು ಮೈಕ್ ಹಿಡಿದು ಪದದ ಅರ್ಥ ಹೇಳುವಾಗ ಅವನು ಹಿಂದೆ ನಿಂತು ಮೆಲ್ಲಗೆ ಮೀಟುತ್ತಿದ್ದ ತುಣುಕು ಅದು. ಮೂರು ವರ್ಷ ನನ್ನ ಮಾತಿನ ಕೆಳಗೆ ಅದು ಇತ್ತು. ಜನ ನನ್ನ ಮಾತು ಕೇಳುತ್ತಿದ್ದರು, ನಾನೂ ನನ್ನ ಮಾತನ್ನೇ ಕೇಳಿಕೊಳ್ಳುತ್ತಿದ್ದೆ. ಬ್ಯಾಂಡಿನಲ್ಲಿ ಯಾವುದಕ್ಕೆ ಜಾಗ ಇರಲಿಲ್ಲ ಎಂದು ಹ್ಯಾರಿಸನ್ ಅವರ ಮೂರು ಎಲ್‌ಪಿಗಳನ್ನು ಮುಂದಿಟ್ಟು ಮೇಲೆ ಪಾಠ ಹೇಳಿದೆನಲ್ಲ, ನಮ್ಮ ಬ್ಯಾಂಡಿನಲ್ಲಿ ಆ ಜಾಗವನ್ನು ತುಂಬಿಕೊಂಡು ನಿಂತಿದ್ದವಳು ನಾನು.

ಹಾಗಂತ ಆ ಐದೂ ಹಾಡು ಅದ್ಭುತ ಎಂದು ಹೇಳುವುದಿಲ್ಲ. ಮೊದಲನೆಯದು ಬೇಡದಷ್ಟು ಉದ್ದ, ಐದನೆಯದರಲ್ಲಿ ಅವನು ಹಾಡಬಾರದಿತ್ತು. ಆದರೆ ಈ ಮಾತನ್ನು ಕೇಳಿದ ಮೇಲೆ ಹೇಳುತ್ತಿದ್ದೇನೆ. ನಾನು ಕೇಳಿಕೊಳ್ಳುತ್ತಿರುವುದೂ ಇಷ್ಟೇ. ಮೆಚ್ಚಬೇಡಿ. ಬೇಕಿದ್ದರೆ ಹರಿದುಹಾಕಿ. ಆದರೆ ಮೊದಲು ಕೂತು ಕೇಳಿ, ಎರಡು ಸಲ ಕೇಳಿ. ಯಾರು ಏನು ನುಡಿಸಿದ್ದಾರೆ ಎಂದು ಹೆಸರು ಹಿಡಿದು ಬರೆಯಿರಿ. ಬಿಟ್ಟು ಬಂದವರು ಏನನ್ನು ತಂದರು, ಏನನ್ನು ಅಲ್ಲೇ ಬಿಟ್ಟರು, ಅಲ್ಲಿ ಉಳಿದವರು ಏನು ಕಳೆದುಕೊಂಡರು ಎಂದು ಕೇಳಿ. ತಂತಿಯ ಬಗ್ಗೆ ಬರೆಯಲು ಕನ್ನಡದಲ್ಲಿ ಪದ ಇಲ್ಲವೆನ್ನುವವರು ಒಂದು ಸಂಜೆ ಯಾವುದಾದರೂ ಭಜನಾ ಮೇಳದ ಪಕ್ಕ ಕೂರಲಿ. ಎಳಿ, ಬಿಡು, ಒತ್ತು, ತಡಿ ಎಂದು ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತುಗಳಲ್ಲೇ ಒಂದು ವಿಮರ್ಶೆಯ ಪರಿಭಾಷೆ ಇದೆ.

ಗೆಳೆಯ ಈಗಲೂ ಇಲ್ಲೇ ಹತ್ತಿರದಲ್ಲಿದ್ದಾನೆ, ಅಪಾರ್ಟ್‌ಮೆಂಟ್ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಾನೆ. ಹೋದ ವಾರ ಕೋಣನಕುಂಟೆ ಕ್ರಾಸ್ ಮೆಟ್ರೋ ನಿಲ್ದಾಣದ ಮೆಟ್ಟಿಲ ಹತ್ತಿರ ಸಿಕ್ಕ, ಬೆನ್ನಿಗೆ ಗಿಟಾರ್ ಚೀಲ. ಆರು ವರ್ಷದ ಮೇಲೆ ನಾನೇ ಮಾತು ತೆಗೆದೆ. ಮೂರನೆಯದನ್ನು ಕೇಳಿದೆ ಅಂದೆ. ಅವನು ಏನೂ ಹೇಳಲಿಲ್ಲ, ಚೀಲದ ಪಟ್ಟಿ ಸರಿಮಾಡಿಕೊಂಡ. ಆಮೇಲೆ, "ನಾಲ್ಕನೇದು?" ಅಂದ.

ನಾಲ್ಕನೆಯದನ್ನು ಇನ್ನೊಂದು ಸಲ ಕೇಳಿ ಹೇಳುತ್ತೇನೆ ಎಂದು ಬಂದಿದ್ದೇನೆ.